ಮಂಡಿಯವರ ಅನುಮಾನ

ಶ್ರೀನಿವಾಸಪುರದ ಮಾವಿನ ಮಂಡಿಯ ಯಜಮಾನರೊಬ್ಬರು, ಯಾರು ಏನು ಹೇಳಿದರೂ, "ಇದರಲ್ಲಿ ನಿಮಗೇನು ಲಾಭ?" ಎಂದು ಕಣ್ಣು ಕಿರಿದು ಮಾಡುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿ ತಿಂಗಳುಗಳಾಗಿದ್ದರೂ ಯಾವ ವೈದ್ಯರಿಗೂ ತೋರಿಸಿರಲಿಲ್ಲ.

ಎರಡು ಸಾವಿರದ ದಶಕದ ಕೊನೆಯಲ್ಲಿ ಕೋಲಾರದ ವೈದ್ಯೆಯೊಬ್ಬರನ್ನು, ಅವರ ಲೆಕ್ಕ ಬರೆಯುತ್ತಿದ್ದ ನಾನೇ ಮಂಡಿಗೆ ಕರೆದೊಯ್ದೆ. ಕಾಯಿಲೆ ಕಾಲಿಗೇಕೆ ಬರುತ್ತದೆಂದು ಯಜಮಾನರು ಕೇಳಿದಾಗ ಆಕೆ ಹೊಸ ಸಂಶೋಧನೆಯೊಂದನ್ನು ಹೇಳಿದರು.

"ಪ್ರೊರೆನಿನ್ ಅಂತ ಇದೆ, ಹಾರ್ಮೋನ್ ಅನ್ನೋ ಹಣ್ಣಾಗೋ ಮುಂಚಿನ ಕಾಯಿ ಇದ್ದ ಹಾಗೆ. ರಕ್ತನಾಳದ ಜೀವಕೋಶದಲ್ಲಿರೋ ಗ್ರಾಹಕ ಅನ್ನೋ ಕೊಂಡಿಗೆ ಅಂಟಿಕೊಂಡರೆ, ಹಣ್ಣಾಗದೇನೇ ಆ ಕಾಯಿ ಕೆಲಸ ಶುರು ಮಾಡುತ್ತೆ. ಸಕ್ಕರೆ ಕಾಯಿಲೇಲಿ ನಾಳ ಕೆಡಿಸೋದರಲ್ಲಿ ಅದರ ಪಾಲೂ ಇದೆ ಅಂತ ಅನುಮಾನ."

"ನಿಮಗೂ ಅನುಮಾನಾನೇನಮ್ಮಾ? ಅದಕ್ಕೆ ಮಾರೋಕೆ ಮಾತ್ರೆ ತಂದಿರ್ತೀರ, ಬಿಡಿ."

"ಇಲ್ಲ. ಅದನ್ನ ತಡೆಯೋ ಮಾತ್ರೆ ಇನ್ನೂ ಬಂದಿಲ್ಲ. ಕಾಲು ಮಾತ್ರ ಇವತ್ತೇ ನೋಡಬೇಕು."

ಯಜಮಾನರು ಪಂಚೆ ಸರಿಸಿ ಪಾದವನ್ನು ಮುಂದಕ್ಕೆ ಚಾಚಿದರು.