ಮೂರು ದಿನದ ಸೇವೆ, ಒಂದೇ ಆಮೆನ್

ಮಿತ್ರರೇ, ಮೂರು ದಿನದ ಸೇವಾ ಪ್ರವಾಸಕ್ಕೆಂದು ಮೈಸೂರಿನ ನಮ್ಮ ಕ್ರೈಸ್ತ ಸಭೆಯ ಒಂಬತ್ತು ಮಂದಿ ಇಂದು ಬೆಳಿಗ್ಗೆ ಹದಿನಾರು ಎಂಬ ಹೆಸರಿನ ಗ್ರಾಮದಲ್ಲಿ ಇಳಿದೆವು. ಎಲ್ಲರ ಟೀ ಶರ್ಟಿನ ಮೇಲೂ ‘ವಿಶ್ವಾಸದಿಂದ ಮುಂದೆ ಸಾಗು’ ಎಂದು ಅಚ್ಚಾಗಿತ್ತು. ಅಲ್ಲಿನ ಸಭೆಯ ಸಾರಮ್ಮನವರ ಗದ್ದೆಯಲ್ಲಿ ಭತ್ತದ ನಾಟಿ ಮಾಡಿಕೊಡುವುದು ಮೊದಲ ಸೇವೆ. ಹಾಡುತ್ತಾ, ಪೈರು ನೆಡುತ್ತಾ, ವಿಶ್ವಾಸದಿಂದ ಮುಂದೆ ಸಾಗಿದೆವು.

ಕಾಫಿ ತಂದ ಸಾರಮ್ಮ ಬದುವಿನ ಮೇಲೆ ನಿಂತಲ್ಲೇ ನಿಂತರು.

"ನಾಟಿ ಆಕೋರು ಹಿಂದಿಂದಕ್ಕೆ ಓಗ್ಬೇಕು ಕಣ್ರಪ್ಪಾ. ನೆಟ್ಟಿದ್ದನ್ನೆಲ್ಲಾ ನೀವೇ ತುಳ್ಕಂಡು ಬತ್ತಿದ್ದೀರಲ್ಲ. ಇನ್ನು ಉಳ್ದಿರೋದೇ ನಾಕು ಕಟ್ಟು ಪೈರು."

ನಮ್ಮ ತಂಡದ ನಾಯಕರು ಗಂಭೀರವಾಗಿ, "ಪರವಾಗಿಲ್ಲಮ್ಮಾ, ನಮಗೆ ದೀನತೆಯ ಪಾಠ ಸಿಕ್ತು" ಎಂದರು.

"ಪಾಠ ನಿಮಗೆ ಸಿಕ್ತು ಸಾ, ಪೈರು ನಂಗೆಲ್ಲಿ ಸಿಕ್ಕದು?"

ಮಧ್ಯಾಹ್ನ ನಮಗೆಲ್ಲ ಮುದ್ದೆ ಬಡಿಸಿ, ಊಟವಾದ ಮೇಲೆ ಸಾರಮ್ಮನವರೇ ಪ್ರಾರ್ಥಿಸಿದರು. "ಕರ್ತನೇ, ಈ ಮಕ್ಳ ಮನಸ್ಸು ಒಳ್ಳೇದು. ಇವತ್ತು ಸಂಜೆ ಬಸ್ಸಿಗೇ ಇವ್ರನ್ನ ಸುಖವಾಗಿ ಮನೆ ಸೇರ್ಸಪ್ಪಾ."

ಅಭ್ಯಾಸಬಲದಿಂದ ಒಂಬತ್ತೂ ಜನ ಜೋರಾಗಿ "ಆಮೆನ್" ಎಂದುಬಿಟ್ಟೆವು. ಇನ್ನೂ ಎರಡು ದಿನದ ಸೇವೆ ಬಾಕಿಯಿದೆ ಎಂಬುದು ನೆನಪಾದದ್ದು ಆಮೇಲೆ.

ಇದನ್ನು ಸಂಜೆ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಭೆಗೆ ಕೊಡುವ ವರದಿಯಲ್ಲಿ ‘ಪ್ರಾರ್ಥನೆಗೆ ಅದೇ ದಿನ ಉತ್ತರ ದೊರೆಯಿತು’ ಎಂದು ಬರೆಯುವುದಾಗಿ ನಾಯಕರು ತಿಳಿಸಿದ್ದಾರೆ.