ಕೀಬೋರ್ಡಿಗೊಂದು ಸಣ್ಣ ಲೈಟು

ಪೌರಾಣಿಕ ನಾಟಕಗಳಿಗೆ ಕೀಬೋರ್ಡು ನುಡಿಸುವ ನನ್ನಂಥವನ ದೊಡ್ಡ ಶತ್ರು ಯಾರೆಂದರೆ ಕಲರ್ ಲೈಟಿನವನು. ರಾಜ ರಂಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ಎಲ್ಲ ದೀಪ ಆರಿಸಿ, ರಾಜನ ಮೋರೆಗೆ ಮಾತ್ರ ಕೆಂಪು ಬಿಡುತ್ತಾನೆ. ಕೆಳಗೆ ಕೂತ ನನ್ನ ಗತಿ ಯಾರಿಗೂ ಬೇಡ. ಪಾಂಡವಪುರದಲ್ಲಿ ಹಾಗೇ ಕತ್ತಲಲ್ಲಿ ತಡಕಾಡಿ, ಶ್ರುತಿ ಇಳಿಸುವ ಗುಂಡಿಯ ಬದಲು ಏರಿಸುವುದನ್ನು ಒತ್ತಿಬಿಟ್ಟೆ. ರಾಜನ ಪಾರ್ಟು ಮಾಡುತ್ತಿದ್ದವರು ನನ್ನ ಅಕ್ಕನ ಗಂಡ. ಸಿಂಧಘಟ್ಟದಲ್ಲಿ ಗೊಬ್ಬರದಂಗಡಿ, ತೂಕ ಹಾಕುವಾಗಲೂ ಬಾಯಲ್ಲಿ ಕಂದಪದ್ಯ. ಹಾಡಿನ ನಟ್ಟನಡುವೆ ಅವರ ಗಂಟಲು ಒಡೆಯಿತು. ಜನ ಶಿಳ್ಳೆ ಹೊಡೆದರು.

ಭಾವ ಬೈಯಲಿಲ್ಲ, ಅದೇ ನನಗೆ ಸಂಕಟವಾಯಿತು. "ನಾಗಮಂಗಲದಲ್ಲೂ ಇಂಗೇ ಆದ್ರೆ ನಾನು ಇನ್ಮೇಲೆ ಬಣ್ಣ ಅಚ್ಚಕಿಲ್ಲ ಕಣ್ಲಾ. ಆ ಪೆಟ್ಗೆಗೊಂದು ಲೈಟ್ ಆಕುಸ್ಬುಡು," ಎಂದರು ಅಷ್ಟೆ.

ಹಾಕಿಸುವುದೇನು ಸುಲಭವೇ? ಬಾಬುರಾಯನಕೊಪ್ಪಲಿನ ಮನೆಯಿಂದ ಹೊರಟು ಶ್ರೀರಂಗಪಟ್ಟಣದ ಅಂಗಡಿಯಲ್ಲಿ "ಸಣ್ಣ ಲೈಟು ಕೊಡಿ" ಎಂದೆ. ಅಂಗಡಿಯವನು ಸೀರಿಯಲ್ ಸೆಟ್ಟು ಬಿಚ್ಚಿ ಕೌಂಟರಿನ ತುಂಬ ಹರಡಿದ.

"ಮದ್ವೆಗಾ ಸಾ, ಗಣೇಶನ್ಗಾ? ತರಾವರಿ ಮಿಣುಕ್ತದೆ."

ಮಿಣುಕುವುದು ಯಾರಿಗೆ ಬೇಕಿತ್ತು! ಕೆ.ಆರ್.ಪೇಟೆಯಲ್ಲಿ ಕೊಂಡದ್ದು ಕೆಂಪು. ಕಣ್ಣಿಗೆ ಹಿತ, ಆದರೆ ಗುಂಡಿಗಳ ಮೇಲಿನ ಕೆಂಪು ಅಕ್ಷರಗಳೆಲ್ಲ ಮಂಗಮಾಯ. ನೀಲಿಯದು ಕಣ್ಣು ಕುಕ್ಕಿತು. ಬಿಳಿಯದೊಂದನ್ನು ಕೀಬೋರ್ಡಿನ ಪ್ಲಗ್ಗಿನ ಪಕ್ಕ ಸಿಕ್ಕಿಸಿದರೆ ಸ್ಪೀಕರಿನೊಳಗೆ ಕಣಜ ಹೊಕ್ಕಂತೆ ಗುಂಯ್‌ಗುಟ್ಟಿತು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕಡೆಗೆ ಬೆಳ್ಳೂರು ಕ್ರಾಸಿನ ಮೊಬೈಲ್ ಅಂಗಡಿಯಲ್ಲಿ ಸಿಕ್ಕಿತು. ಹೇಳಿದಂತೆ ಬಗ್ಗುವ ಕತ್ತು, ಹುಣಸೆಬೀಜದಷ್ಟು ತಲೆ, ತಣ್ಣನೆಯ ಹಳದಿ ಬೆಳಕು, ಸೆಲ್ಲಿನಲ್ಲಿ ಉರಿಯುವಂಥದು. ಅಂಗಡಿಯಲ್ಲೇ ಕಣ್ಣಿಗೊತ್ತಿಕೊಂಡೆ.

ನಾಗಮಂಗಲದ್ದು ಹಗಲು ನಾಟಕ. ಸಮುದಾಯ ಭವನದ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದರು. ಲೈಟು ಸಿಕ್ಕಿಸಿ, ಹತ್ತಿಸಿ ನೋಡಿ, ನೆಮ್ಮದಿಯಾಗಿ ಟೀ ಕುಡಿಯಲು ಹೋದೆ. ಬರುವಷ್ಟರಲ್ಲಿ ವಾದ್ಯಗಳ ಪೂಜೆ ಮುಗಿದಿತ್ತು. ಕೂತೆ, ಸ್ವಿಚ್ಚು ಒತ್ತಿದೆ. ಕಲರ್ ಲೈಟಿನವನು ತನ್ನ ಕೆಲಸ ಮಾಡಿದ. ಸುತ್ತ ಕತ್ತಲೆ, ನನ್ನ ಮುಂದೆಯೂ ಕತ್ತಲೆ.

ಬಗ್ಗಿ ಮೂಗು ತಾಗಿಸಿ ನೋಡಿದರೆ, ಹುಣಸೆಬೀಜದ ತಲೆಗೆ ದಪ್ಪಗೆ ಗಂಧ ಮೆತ್ತಿ, ಅದರ ಮೇಲೆ ಕಾಸಗಲ ಕುಂಕುಮ ಇಟ್ಟಿದ್ದಾರೆ! ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಮೇಲೆ ಭಾವನ ಗೆಜ್ಜೆ ಸದ್ದು. ಹೆಬ್ಬೆರಳಲ್ಲಿ ಗಸಗಸ ಉಜ್ಜಿದೆ. ಬೆಳಕು ಬಂತು, ಅಕ್ಷರ ಕಂಡಿತು, ಶ್ರುತಿ ಇಳಿಸಿದೆ. ಭಾವ ಎದೆ ತುಂಬಿ ಹಾಡಿದರು. ಜನ ಒನ್ಸ್ ಮೋರ್ ಎಂದು ಕೂಗಿ ಮತ್ತೆ ಹಾಡಿಸಿದರು.

ನಾಟಕ ಮುಗಿದ ಮೇಲೆ ಭಾವ ಕಿರೀಟ ಕಂಕುಳಲ್ಲಿಟ್ಟುಕೊಂಡು ಬಂದರು. ಮುಖದ ಬಣ್ಣ ಕಣ್ಣೀರಿಗೆ ಕರಗುತ್ತಿತ್ತು.

"ಎಲ್ರೂ ಆರ್ಮೋನಿಯಂಗೆ, ತಬ್ಲಕ್ಕೆ ಪೂಜೆ ಮಾಡುದ್ರು. ನಾನೇ ನೆನುಸ್ಕಂಡು ನಿನ್ ಲೈಟ್ಗೆ ಕುಂಕ್ಮ ಇಟ್ಟೆ. ಅದೇ ಇವತ್ತು ನನ್ ಮಾನ ಕಾಪಾಡ್ತು ಕಣ್ಲಾ!"

ಕೆಂಪಾದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, "ಹೂಂ ಭಾವ," ಎಂದೆ.