ಚಿಕ್ಕಪ್ಪನಿಗೆ ಮೊಟ್ಟೆ ನಿಂತದ್ದು

ನಮ್ಮ ಚಿಕ್ಕಪ್ಪ ಬೇಕರಿಯಲ್ಲಿ ಹಿಟ್ಟು ನಾದುವವರು. ಕೆಲಸ ಮುಗಿಸಿ ಬಂದಾಗ ಹುಬ್ಬು, ಕಿವಿ ಎಲ್ಲ ಬೆಳ್ಳಗೆ. ಬೀದಿಯವರಿಗೆಲ್ಲ ಅವರು ಹಿಟ್ಟಪ್ಪ. ಐವತ್ತು ದಾಟಿದ ಮೇಲೆ ಅವರಿಗೆ ಉಸಿರು ಕಟ್ಟತೊಡಗಿತು. ಚೀಲ ಬಿಚ್ಚಿ ಹಿಟ್ಟು ಸುರಿದರೆ ಸಾಕು, ಎದೆಯೊಳಗೆ ಪೀಪಿ ಊದಿದ ಹಾಗೆ ಸದ್ದು. ರಜೆಯ ದಿನ ಮಾತ್ರ ಆರಾಮ.

ಆಸ್ಪತ್ರೆಯ ಡಾಕ್ಟರಮ್ಮ ಸಮಾಧಾನವಾಗಿಯೇ ವಿವರಿಸಿದರು. "ಇದು ಆಸ್ತಮಾ. ಹಿಟ್ಟಿನ ಧೂಳನ್ನ ನಿಮ್ಮ ದೇಹ ಶತ್ರು ಅಂದ್ಕೊಂಡಿದೆ. ಉಸಿರಿನ ನಾಳದಲ್ಲಿರೋ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಒಂಥರಾ ಪ್ರೋಟೀನ್ ಬಿಡ್ತವೆ. ನಿಮ್ಮಲ್ಲಿ ಅದು ವಿಪರೀತ ಆಗಿದೆ. ಅದಕ್ಕೇ ನಾಳ ಊದ್ಕೊಂಡು, ಕಫ ಕಟ್ಕೊಂಡು, ಗಾಳಿ ಆಡೋಕೆ ಜಾಗ ಇಲ್ಲ."

ಚಿಕ್ಕಪ್ಪ ಎಲ್ಲದಕ್ಕೂ ತಲೆಯಾಡಿಸಿದರು. ಮನೆ ಮುಟ್ಟುವಷ್ಟರಲ್ಲಿ ನೆನಪಿನಲ್ಲಿ ಉಳಿದದ್ದು ಒಂದೇ.

"ಪ್ರೋಟೀನ್ ಜಾಸ್ತಿ ಆಗಿದೆಯಂತೆ ಕಣೇ."

ಚಿಕ್ಕಮ್ಮ ಅಂದೇ ಮೊಟ್ಟೆ ನಿಲ್ಲಿಸಿದರು. ಆಮೇಲೆ ಬೇಳೆ, ಹಾಲು. ಅಷ್ಟರಲ್ಲಿ ನನ್ನ ಸೋದರತ್ತೆ ಬಂದು ತಮ್ಮನನ್ನು ನೋಡಿ ಎದೆ ಬಡಿದುಕೊಂಡರು. "ನಿನಗೆ ರೋಗ ತಡೆಯೋ ಶಕ್ತಿನೇ ಇಲ್ಲ ಕಣೋ! ಎರಡು ಮೊಟ್ಟೆ ತಿನ್ನು." ಅತ್ತೆ ಬಡಿಸುವುದು, ಚಿಕ್ಕಮ್ಮ ಎತ್ತಿಡುವುದು. ಚಿಕ್ಕಪ್ಪ ಇಬ್ಬರ ಮುಖವನ್ನೂ ಪಿಳಿಪಿಳಿ ನೋಡುತ್ತ ಒಣ ಬ್ರೆಡ್ಡು ಅಗಿಯುತ್ತಿದ್ದರು.

ಆ ಬ್ರೆಡ್ಡಿನ ಹಿಟ್ಟೇ ಅವರಿಗೆ ಇನ್ನೊಂದು ಒಗಟು. "ತಿಂದ್ರೆ ಏನೂ ಆಗಲ್ಲ. ಮೂಗಿಗೆ ಹೋದ್ರೆ ಯುದ್ಧ. ಹೊಟ್ಟೆನೂ ನಂದೇ, ಮೂಗೂ ನಂದೇ ಅಲ್ವಾ?"

ಮತ್ತೆ ತೋರಿಸಲು ಹೋದಾಗ ತೂಕದ ಮುಳ್ಳು ನೋಡಿ ಡಾಕ್ಟರಮ್ಮ ಗಾಬರಿಯಾದರು. ಕಥೆ ಕೇಳಿ ಹಣೆ ಚಚ್ಚಿಕೊಂಡರು.

"ಅಯ್ಯೋ, ಅದು ತಿನ್ನೋ ಪ್ರೋಟೀನ್ ಅಲ್ಲ. ದೇಹ ತಾನೇ ತಯಾರು ಮಾಡ್ಕೊಳ್ಳೋದು. ನೀವು ಧಾರಾಳವಾಗಿ ಮೊಟ್ಟೆ ತಿನ್ನಿ."

"ಹಾಗಾದ್ರೆ ಶಕ್ತಿ ಕಮ್ಮಿನೋ, ಜಾಸ್ತಿನೋ?"

"ಕಮ್ಮಿ ಏನಿಲ್ಲ. ಬೇಡದ ಜಾಗದಲ್ಲಿ ಜಗಳಕ್ಕೆ ನಿಂತಿದೆ."

"ಇಷ್ಟು ವರ್ಷ ಸುಮ್ನಿದ್ದು ಈಗ್ಯಾಕೆ, ಅಮ್ಮಾ?"

"ಕೆಲವರಿಗೆ ಹೀಗೇ, ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ಶುರುವಾಗುತ್ತೆ. ನಿಮಗೇ ಯಾಕೆ ಅಂದ್ರೆ ನನಗೂ ಗೊತ್ತಿಲ್ಲ."

ನಾಳದ ಊತ ಇಳಿಸಲು ದಿನಾ ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿ ಕೊಟ್ಟರು. ಹಿಟ್ಟಿನ ಕೋಣೆಗೆ ಹೋಗಲೇಬಾರದು ಎಂದು ಕಟ್ಟಪ್ಪಣೆ ಮಾಡಿದರು. ಬೇಕರಿಯ ಯಜಮಾನರು ಒಳ್ಳೆಯವರು, ಚಿಕ್ಕಪ್ಪನನ್ನು ಬಾಗಿಲ ಬಳಿಯ ಮಾರಾಟದ ಕೌಂಟರಿಗೆ ಹಾಕಿದರು. ನಿಧಾನಕ್ಕೆ ಪೀಪಿ ನಿಂತಿತು, ಮೈಯೂ ತುಂಬಿಕೊಂಡಿತು. ಆದರೆ ಅಲ್ಲಿ ಕೈಗೆ ಏನು ಕೆಲಸ ಕೊಡಬೇಕೆಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಬನ್ನು ಕಟ್ಟುವ ಕಾಗದವನ್ನು ಸುಮ್ಮನೆ ಹಿಚುಕುತ್ತ ನಿಲ್ಲುತ್ತಿದ್ದರು.

"ಏನ್ ಹಿಟ್ಟಪ್ಪ, ಒಳಗಿನವರು ಹೊರಗೆ ಬಂದುಬಿಟ್ರಿ?" ಎಂದು ಯಾರಾದರೂ ಕೇಳಿದರೆ ಹೇಳುತ್ತಿದ್ದರು: "ಹಿಟ್ಟಿನ ಮೇಲೆ ನನ್ನ ಮೈಗೆ ಯಾರೋ ಚಾಡಿ ಹೇಳಿದ್ದಾರೆ. ಯಾರು ಅಂತ ಡಾಕ್ಟ್ರಿಗೂ ಗೊತ್ತಿಲ್ವಂತೆ."